ತಮ್ಮಣ್ಣ ಊರಲ್ಲಿದ್ದಿದ್ದರೆ

ಎರಡನೆಯ ಡ್ರಮ್ಮು ಕಂಠದವರೆಗೆ ಬಂದಿತ್ತು. ಅಂಬಿಕಾ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಸೀರೆ ಎತ್ತಿಕೊಂಡು ಹಿತ್ತಲ ಗೋಡೆಯ ಕಡೆಗೆ ಓಡಿದಳು. ಶಹಾಬಾದಿನ ಈ ಓಣಿಗೆ ನಳದ ನೀರು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಹೇಳುವವರಿಲ್ಲ. ಬಂದ ದಿನ ಅವಳ ಮನೆಯದು ತುಂಬಿದ ಮೇಲೆ ಅದೇ ಪೈಪು ಫರಸಿ ಕಲ್ಲಿನ ಗೋಡೆ ದಾಟಿ ಜಬೀನಾಳ ಮನೆಗೆ ಹೋಗುತ್ತದೆ.

"ಹಿಡಿ, ಹಿಡಿ, ಲಗೂನ ಹಿಡಿ."

"ಬಂದೆನವ್ವ. ಏನ್ ಗಂಗಮ್ಮನ್ನ ನೀನೇ ಹೊತ್ಕೊಂಡು ಬಂದಂಗ ಮಾಡ್ತಿ." ಗೋಡೆಯಾಚೆ ಮೊದಲು ಜಬೀನಾಳ ಕೈ ಕಂಡಿತು, ಆಮೇಲೆ ತಲೆ. "ನಳ ನಿಮ್ಮ ಕಡಿ ಇರಬಹುದು, ನೀರು ಸರಕಾರದ್ದು."

"ಹಂಗಿದ್ರ ಸರಕಾರದ ಮನಿಗಿ ಕೊಡ ತಗೊಂಡು ಹೋಗು."

ಜಬೀನಾ ನಕ್ಕಳು. ಅವಳು ನಕ್ಕರೆ ಓಣಿಯ ಆ ತುದಿಯವರೆಗೆ ಕೇಳಿಸುತ್ತದೆ. ಅಂಗನವಾಡಿಯಲ್ಲಿ ಮಕ್ಕಳನ್ನು ಕೂಗಿ ಕೂಗಿ ಪಳಗಿದ ದನಿ ಅದು. ಅಂಬಿಕಾ ಹೊಲಿಗೆಯ ಮಷೀನಿನ ಮುಂದೆ ಕುಳಿತು ಕಟ್ಟಿದ ರೇಡಿಯೋ ನಾಟಕಗಳಲ್ಲಿ ಹತ್ತು ವರ್ಷಗಳಿಂದ ಅತ್ತೆ, ಸೊಸೆ, ದಾಯಿ, ದೇವತೆ ಎಲ್ಲ ಆಗಿರುವುದು ಅದೇ ದನಿ.

"ಅಂಬಿ, ಶುಕ್ರವಾರ ರೆಕಾರ್ಡಿಂಗ್ ಅದ. ನನಗ ಇನ್ನೂ ದಾದಿ ಸಿಗವಲ್ಲಳು," ಎಂದಳು ಜಬೀನಾ, ಪೈಪನ್ನು ಕೊಡಕ್ಕೆ ಇಳಿಬಿಟ್ಟು. ದಾದಿ ಎಂದರೆ ಅವಳ ಅಪ್ಪನ ತಾಯಿ, ಈ ಸಲದ ನಾಟಕದಲ್ಲಿ ಅವಳು ಆಡಬೇಕಾದ ಪಾತ್ರ. "ಬರೇ ಗಾಳ್ಯಾಗ ಅಳು ಅಂದ್ರ ಹೆಂಗ ಅಳ್ಲಿ? ಅವತ್ತ ಒಲಿ ಮ್ಯಾಲ ಏನಿತ್ತು, ಓಣ್ಯಾಗ ಏನ್ ನಡದಿತ್ತು, ಮಳಿ ಇತ್ತೋ ಇಲ್ಲೋ, ಏನರೆ ಒಂದು ಕೊಡು. ಮತ್ತ ಆ ಮೂರು ದಿನದ್ದು ನನಗ ತಿಳಿವಲ್ದು. ಹೊಳಿ ಊರಿಗಿ ಹತ್ತಿಕೊಂಡೇ ಅದ. ಮೂರು ದಿನ ಅಗಸರು ಅರಿವಿ ಒಗಿಲಿಲ್ಲಂದ್ರ ಏನರ್ಥ?"

"ದಾದಿ ಹಂಗೇ ಹೇಳ್ತಿದ್ಲು ಅಂತ ನೀನೇ ಅಂದಿ."

"ಹೇಳ್ತಿದ್ಲು. ಯಾಕಂತ ಹೇಳ್ಲಿಲ್ಲ. ನೋಡಿದವರು ಯಾರರೆ ಅದಾರೇನು?"

"ಭಾಗಣ್ಣ ಮುತ್ಯಾ ಒಬ್ಬಾಂವ ಅದಾನ, ಸೇಡಮ್ಮಿನಾಗ. ಆದ್ರ ಅವರೆಲ್ಲಾ ಆವಾಗ ಊರು ಬಿಟ್ಟಿದ್ರಲ್ಲ."

"ಬಿಟ್ಟೋದ್ರೇನು, ತಿರುಗಿ ಬಂದ ಮ್ಯಾಲ ಏನರೆ ಕೇಳಿರ್ತಾನ. ಹೋಗಿ ಬಾ. ಮುದುಕರ ಬಾಯಾಗ ಏನರೆ ಒಂದು ಉಳದಿರ್ತದ."

ನೀರು ಅಷ್ಟರಲ್ಲಿ ಸಣ್ಣಗಾಗಿ, ಕೆಮ್ಮಿ, ನಿಂತುಹೋಯಿತು.

ಅವರಿಬ್ಬರೂ ಮಾತಾಡಿದ್ದು ಸರ್ದಾರನ ಸಾವಿನ ಬಗ್ಗೆ. ಸರ್ದಾರ ಜಬೀನಾಳ ಅಜ್ಜ. ಕಾಗಿಣಾ ದಂಡೆಯ ಊರಿನಲ್ಲಿ ಬಂಡಿ ಹೂಡಿ ಕಲ್ಲು ಸಾಗಿಸುತ್ತಿದ್ದವನು. ಅಂಬಿಕಾಳ ತಾಯಿಯ ತಾಯಿ ಹೀರಾಬಾಯಿಯ ಅಪ್ಪ ತಮ್ಮಣ್ಣನದೂ ಅದೇ ಊರು, ಅದೇ ಓಣಿ. ನಲವತ್ತೆಂಟರಲ್ಲಿ ರಜಾಕಾರರ ಕಾಟ ಹೆಚ್ಚಿ, ಹರೆಯದ ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳಲು ಜನ ಅಂಜುತ್ತಿದ್ದಾಗ, ಸರ್ದಾರ ತನ್ನ ಹೆಂಡತಿ ಅಮೀರ್ಬೀಯ ಬುರಖಾ ಹೊದಿಸಿ ಹೀರಾಬಾಯಿಯನ್ನು ಬಂಡಿಯಲ್ಲಿ ಕೂಡಿಸಿಕೊಂಡು ವಾಡಿ ಸ್ಟೇಷನ್ನಿಗೆ ಮುಟ್ಟಿಸಿದ. ಅವಳು ಸೋದರತ್ತೆಯ ಜೊತೆ ರೈಲು ಹತ್ತಿ ಸೋಲಾಪುರದ ಕಡೆಯ ಕ್ಯಾಂಪು ಸೇರಿ ಉಳಿದಳು. ಮುಂದೆ ಹಿಂದೂಸ್ತಾನದ ಫೌಜು ಬಂತು, ಹೈದರಾಬಾದ್ ಶರಣಾಯಿತು. ಆ ಬೆನ್ನಿಗೇ ಅನೇಕ ಊರುಗಳಲ್ಲಿ ಸಿಟ್ಟು ಹೊರಳಿ ನಿಂತಿತು. ರಜಾಕಾರರು ಓಡಿಹೋಗಿದ್ದರು. ಕೈಗೆ ಸಿಕ್ಕವರು ಸರ್ದಾರನಂಥವರು. ಅವನನ್ನು ಯಾರು ಹೊಡೆದರು ಎಂದು ಯಾರೂ ಬಾಯಿಬಿಡಲಿಲ್ಲ. ಮೂರು ದಿನದ ಮೇಲೆ ಹೊಳೆಗೆ ಹೋದ ಅಗಸರು, ತಾವು ಬಟ್ಟೆ ಬಡಿಯುವ ಬಂಡೆಯ ಹತ್ತಿರ ಅವನನ್ನು ಕಂಡರು.

ತಮ್ಮಣ್ಣನ ಮನೆಯವರೆಲ್ಲ ಆಗ ಊರು ಬಿಟ್ಟಿದ್ದರು, ದಸರೆಯ ಹೊತ್ತಿಗೆ ಮರಳಿದರು ಎಂದು ಹೀರಾಬಾಯಿ ಹೇಳುತ್ತಿದ್ದಳು. ಹೇಳಿ, ಕೊನೆಗೆ ಪ್ರತಿಸಲ ಒಂದೇ ಮಾತು: "ನಾವ್ ಊರಾಗಿದ್ರ ಸರ್ದಾರಣ್ಣಗ ಕೈ ಹಚ್ಚಾಕ ಬಿಡ್ತಿದ್ದಿಲ್ಲ." ಹೋಳಿಗೆ ಲಟ್ಟಿಸುತ್ತ ಹೇಳುತ್ತಿದ್ದಳು, ಅಂಬಿಕಾಳ ತಲೆ ಬಾಚುತ್ತ ಹೇಳುತ್ತಿದ್ದಳು, ಸಾಯುವ ವರ್ಷ ಹಾಸಿಗೆಯಲ್ಲೂ ಹೇಳಿದಳು.

ಆ ಮಾತು ಗೋಡೆಯ ಆಚೆಗೂ ಹೋಗಿತ್ತು. ಆ ದಿನಗಳಲ್ಲಿ ಓಣಿಯ ಎಲ್ಲ ಬಾಗಿಲೂ ಮುಚ್ಚಿದ್ದವು, ಯಾವ ಮನೆಯಲ್ಲಿ ಯಾರಿದ್ದರೆಂದು ಅಮೀರ್ಬೀಗೂ ಗೊತ್ತಿರಲಿಲ್ಲ. ಗಂಡ ತೀರಿದ ಮೇಲೆ ಅಮೀರ್ಬೀ ಮಕ್ಕಳನ್ನು ಕಟ್ಟಿಕೊಂಡು ಶಹಾಬಾದಿಗೆ ಬಂದಳು. ಮನೆ ಹುಡುಕುವಾಗ ಹೀರಾಬಾಯಿಯ ಗಂಡನ ಮನೆಯ, ಈಗ ಅಂಬಿಕಾ ಇರುವ ಮನೆಯ, ಪಕ್ಕದ ಜಾಗವನ್ನೇ ಹಿಡಿದಳು. "ಎಲ್ಲಿ ಹೋದ್ರೂ ತಮ್ಮಣ್ಣನ ಮಂದಿ ಬಾಗಿಲ ಕಾಣೂವಂಗ ಮನಿ ಮಾಡ್ರಿ," ಎಂದು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿ ಹೋದಳು. ಎಲ್ಲಿಯದೋ ಗಲಾಟೆ ಟೀವಿಯಲ್ಲಿ ಬರುವ ದಿನಗಳಲ್ಲಿ ಜಬೀನಾ ಮೆಂತ್ಯ ಪಲ್ಲೆಯ ಸಿವುಡು ಹಿಡಿದು ಬಂದು ಅಂಬಿಕಾಳ ಅಡುಗೆಮನೆಯಲ್ಲಿ ಕುಳಿತುಬಿಡುತ್ತಾಳೆ. ಪಲ್ಲೆ ಸೋಸುವುದು ಒಂದು ನೆಪ. ಒಮ್ಮೆ ಅವಳೇ ಅಂದಿದ್ದಳು: "ನಿಮ್ಮ ಮಂದಿ ಇದ್ದಿದ್ರ ನಮ್ಮ ದಾದಾ ಉಳೀತಿದ್ದ. ಅದೊಂದು ಮಾತಿನ ಮ್ಯಾಲ ನಾ ಈ ಊರಾಗ ನಿದ್ದಿ ಮಾಡ್ತೀನಿ ನೋಡು."

ಈ ವರ್ಷ, ಹೈದರಾಬಾದ್ ಶರಣಾದ ದಿನವಾದ ಸೆಪ್ಟೆಂಬರ್ ಹದಿನೇಳರ ಕಾರ್ಯಕ್ರಮಕ್ಕೆಂದು ರೇಡಿಯೋದವರು ಹೊಸ ಬಗೆಯ ನಾಟಕ ಕೇಳಿದ್ದರು. ನಡೆದ ಘಟನೆಯೊಂದನ್ನು ತೆಗೆದುಕೊಂಡು, ಅದು ಬೇರೆ ರೀತಿ ನಡೆದಿದ್ದರೆ ಏನಾಗುತ್ತಿತ್ತು ಎಂದು ಬರೆಯಬೇಕು. ನಿರ್ಮಾಪಕಿ ಫೋನಿನಲ್ಲಿ ಒಂದು ಷರತ್ತು ಹಾಕಿದ್ದಳು: "ಒಂದೇ ಒಂದು ಸಂಗತಿ ಬದಲು ಮಾಡ್ರಿ ಮೇಡಂ. ಉಳಿದದ್ದೆಲ್ಲ ಖರೇ ಹೆಂಗ ನಡೀತೋ ಹಂಗೇ ಇರಬೇಕು. ಎರಡು ಬದಲಿಸಿದ್ರ ಅದು ನಾಟಕ ಆಗಂಗಿಲ್ಲ, ಬರೇ ಆಸೆ ಆಗ್ತದ." ಅಂಬಿಕಾಳಿಗೆ ಏನನ್ನು ಬದಲಿಸಬೇಕೆಂದು ಹುಡುಕುವ ಪ್ರಶ್ನೆಯೇ ಬರಲಿಲ್ಲ. ಆಯಿ, ಅಜ್ಜಿ ಹೀರಾಬಾಯಿ, ಅರವತ್ತು ವರ್ಷ ಹೇಳಿಟ್ಟಿದ್ದಳು. 'ತಮ್ಮಣ್ಣ ಊರಲ್ಲಿದ್ದಿದ್ದರೆ' ಎಂದು ಹೆಸರಿಟ್ಟಳು. ಅಮೀರ್ಬೀಯಾಗಲು ಜಬೀನಾ ಗೋಡೆಯ ಮೇಲೆ ಕೈಯಿಟ್ಟುಕೊಂಡೇ ಒಪ್ಪಿದ್ದಳು.

ನೀರು ಬಂದ ಮರುದಿನ, ಮಂಗಳವಾರ, ಅಂಬಿಕಾ ಸೇಡಂಗೆ ಹೊರಟಳು. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಚಿತ್ತಾಪುರ ದಾಟಿದ ಮೇಲೆ ಎರಡೂ ಕಡೆ ತೊಗರಿ ಮೊಣಕಾಲೆತ್ತರ ಎದ್ದಿತ್ತು. ಕಿಟಕಿಯ ಪಕ್ಕ ಕುಳಿತು ಅವಳು ಮನಸ್ಸಿನಲ್ಲೇ ಮಾತು ಜೋಡಿಸಿದಳು. ತಮ್ಮಣ್ಣ ಊರ ಅಗಸಿ ಬಾಗಿಲಲ್ಲಿ ಅಡ್ಡ ನಿಲ್ಲುತ್ತಾನೆ. ಗುಂಪು ಸರಿಯುತ್ತದೆ. ಸರ್ದಾರ ಬದುಕಿ, ಮುಪ್ಪಾಗಿ, ಮೊಮ್ಮಗಳನ್ನು ಬಂಡಿಯಲ್ಲಿ ಕೂಡಿಸಿಕೊಂಡು ಜಾತ್ರೆಗೆ ಹೋಗುತ್ತಾನೆ. ಬರೆದದ್ದು ಸರಿಯಾಗಿತ್ತು, ಆದರೆ ತಮ್ಮಣ್ಣನ ಮಾತುಗಳು ಭಾಷಣದ ಹಾಗೆ ಕೇಳುತ್ತಿದ್ದವು. ಅವನ ದನಿ ಅವಳಿಗೂ ಸಿಕ್ಕಿರಲಿಲ್ಲ.

ಭಾಗಣ್ಣ ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕುಳಿತಿದ್ದ. ಹೀರಾಬಾಯಿಯ ಬೆನ್ನಿಗೆ ಬಿದ್ದ ತಮ್ಮ. ಎಂಬತ್ತೈದು ದಾಟಿದ್ದರೂ ಕಿವಿ, ನಾಲಿಗೆ ಎರಡೂ ಚುರುಕು.

"ಯಾರದು? ಹೀರಕ್ಕನ ಮೊಮ್ಮಗಳೇನು? ಬಾ, ಕುಂದ್ರು. ರೇಡಿಯೋದಾಗ ಸುಳ್ಳ ಹೇಳಾಕಿ."

"ಸುಳ್ಳ ಅಲ್ಲ ಮುತ್ಯಾ, ನಾಟಕ."

"ಎರಡೂ ಒಂದೇ. ಒಂದಕ್ಕ ಪೇಟಿ ತಬಲಾ ಇರ್ತದ, ಅಷ್ಟೇ ಫರಕು."

ಒಳಗಿನಿಂದ ಅವನ ಮೊಮ್ಮಗನ ಹೆಂಡತಿ ಭಾಗ್ಯಜ್ಯೋತಿ ಚಹಾ ತಂದಳು. ಅಂಬಿಕಾ ಬುರಖಾದ ಕಥೆ ಕೇಳಿದಳು. ಭಾಗಣ್ಣ ನಗುತ್ತಲೇ ಹೇಳಿದ. ಹೀರಕ್ಕ ಬುರಖಾದ ಅಂಚು ತುಳಿದು ಹೊಸ್ತಿಲಲ್ಲೇ ಬಿದ್ದಳಂತೆ. ಅಮೀರ್ಬೀ ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಂಡಳಂತೆ. ಸರ್ದಾರ ಮಾತ್ರ ಇಬ್ಬರ ಮೇಲೂ ರೇಗಿ, "ಸಾಯೂ ಹೊತ್ತಿನಾಗೂ ನಗ್ತೀರೇನು" ಅಂದನಂತೆ. ಅಂಬಿಕಾ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಇದು ಜಬೀನಾಳಿಗೆ ಬೇಕಾದದ್ದು.

ಆಗ ಓಣಿಯಲ್ಲಿ ಹಾಡು ಕೇಳಿಸಿತು. ಬುಟ್ಟಿಯಲ್ಲಿ ಮಣ್ಣಿನ ಜೋಕುಮಾರನನ್ನು ಕೂಡಿಸಿ ಸುತ್ತ ಬೇವಿನ ತೊಪ್ಪಲು ಚುಚ್ಚಿ, ಹೆಂಗಸರು ಮನೆಮನೆ ತಿರುಗುವ ದಿನಗಳು ಇವು. ಬಾಯಗಲಿಸಿ ಕಣ್ಣು ಬಿಟ್ಟ ಆ ಮೂರ್ತಿಯನ್ನು ಹೊತ್ತವರು ಬಾಗಿಲಿಗೆ ಬಂದರು. ಭಾಗ್ಯಜ್ಯೋತಿ ಮೊರದಲ್ಲಿ ಜೋಳ ಹಾಕಿಕೊಂಡು ಹೋದಳು.

"ಈಗಿನ ಜೋಕುಮಾರ ಬರೇ ಮಣ್ಣು," ಎಂದ ಭಾಗಣ್ಣ. "ಆವಾಗ ಅಂವ ಅಳ್ತಿದ್ದ. ನಾ ಕೇಳೀನಿ. ಈ ಎರಡು ಕಿವ್ಯಾಗ."

"ಶುರು ಆತು ನೋಡ್ರಿ ಅಕ್ಕಾ," ಭಾಗ್ಯಜ್ಯೋತಿ ಹೊಸ್ತಿಲಿನಿಂದಲೇ ಕೂಗಿದಳು. "ವರ್ಷಾ ಜೋಕುಮಾರ ಬಂದ ಕೂಡ್ಲೆ ಮುತ್ಯಾನ ಕಥಿನೂ ಬರ್ತದ."

"ನಗ್ರಿ, ನಗ್ರಿ. ನಿಮಗ ಅಳೂ ದೇವರ ಹೆಂಗ ಸಿಗ್ತಾನ?"

ಅಂಬಿಕಾಳಿಗೆ ಆ ನಂಬಿಕೆ ಗೊತ್ತಿತ್ತು. ಹುಟ್ಟಿದ ಏಳು ದಿನಕ್ಕೆ, ಹುಣ್ಣಿಮೆಯ ರಾತ್ರಿ, ಜೋಕುಮಾರನ ಕೊಲೆಯಾಗುತ್ತದೆ. ಅವನನ್ನು ಹೊಳೆಯ ದಂಡೆಗೆ, ಅಗಸರ ಬಂಡೆಯ ಹತ್ತಿರ ಒಯ್ದು ಬಿಡುತ್ತಾರೆ. ಅವನ ಅಳು ಕಿವಿಗೆ ಬೀಳಬಾರದೆಂದು ಅಗಸರು ಮೂರು ದಿನ ಆ ಕಡೆ ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಅವಳೂ ಆ ರಾತ್ರಿ ಕಿವಿ ಮುಚ್ಚಿಕೊಂಡು ಮಲಗಿದ್ದುಂಟು. ಮೂರು ದಿನ ಎಂಬುದು ಈಗ ಎದೆಯಲ್ಲಿ ಎಲ್ಲೋ ತಗುಲಿತು.

"ಯಾವ ವರ್ಷ ಕೇಳಿದ್ದಿ ಮುತ್ಯಾ?"

"ಅದೇ ವರ್ಷ. ನಿಜಾಮ ಕೈ ಎತ್ತಿದಾ ಅಂತ ಹಗಲಿಗಿ ಸುದ್ದಿ ಬಂತು. ಸಂಜಿಗಿ ಹುಣ್ಣಿವಿ. ಹೆಂಗಸರು ಜೋಕುಮಾರನ್ನ ಲಗೂ ಲಗೂ ಅಗಸರ ಬಂಡೆಗಲ್ಲ ಹಂತ್ಯಾಕ ಇಟ್ಟು ಓಡಿ ಬಂದ್ರು. ಊರಾಗ ಮಂದಿ ಬಡಿಗಿ ಹಿಡಕೊಂಡು ತಿರಗಾಡ್ತಿದ್ರು. ಅಪ್ಪ ಬಾಗಿಲಾ ಮುಚ್ಚಿ ಅಗಳಿ ಜಡದ. ಥೋಡೆ ಹೊತ್ತಾದ ಮ್ಯಾಲ ಹೊಳಿ ಕಡಿಂದ ಕೇಳಸ್ತು. ಮೊದಲ ಕೂಗಿದಂಗ. ಆಮ್ಯಾಲ ಅತ್ತಂಗ. ನಾ ಅವ್ವನ ಮಡಲಾಗ ಹೊಕ್ಕಿನಿ. ಅಪ್ಪ ಎದ್ದ. ಅಗಳಿ ಮ್ಯಾಲ ಕೈ ಇಟ್ಟ. ಇಟ್ಟು ನಿಂತ, ನಿಂತೇ ನಿಂತ. ಆಮ್ಯಾಲ ಬಂದು ಕುಂತು ಅಂದ, ಜೋಕುಮಾರ ಅಳಾಕತ್ತಾನ, ಮಕ್ಕೋ."

ಹೊರಗೆ ಹೆಂಗಸರು ಹಾಡು ಮುಗಿಸಿ ಜೋಳ ಸುರಿದುಕೊಳ್ಳುತ್ತಿದ್ದರು.

"ಎಂಥಾ ಖರೇ ದೇವರಂದ್ರ," ಭಾಗಣ್ಣ ಬೆರಳೆತ್ತಿದ, "ಅಪ್ಪನ ಹೆಸರ ಹಿಡದು ಕರದ. ತಮ್ಮಣ್ಣಾ, ತಮ್ಮಣ್ಣಾ ಅಂತ. ದೇವರಿಗಿ ಎಲ್ಲಾರ ಹೆಸರ ಗೊತ್ತಿರ್ತಾವ."

"ಹೂಂ, ದೇವರ ಕೈಯಾಗ ವೋಟರ್ ಲಿಸ್ಟ್ ಇತ್ತು," ಎಂದು ನಗುತ್ತ ಭಾಗ್ಯಜ್ಯೋತಿ ಬರಿದಾದ ಮೊರ ಹಿಡಿದು ಒಳಗೆ ಹೋದಳು.

ಅಂಬಿಕಾಳ ಕೈಯಲ್ಲಿ ಚಹಾದ ಕಪ್ಪು ಆರಿತ್ತು. ಅದನ್ನು ಕೆಳಗಿಡಲು ಹೋದರೆ ಸದ್ದಾಗುತ್ತದೆ ಅನ್ನಿಸಿ ಹಾಗೇ ಹಿಡಿದುಕೊಂಡಳು.

"ಮುತ್ಯಾ, ನೀವೆಲ್ಲಾ ಆವಾಗ ಊರಾಗ ಇದ್ದಿಲ್ಲಲಾ? ಊರು ಬಿಟ್ಟು ಹೋಗಿದ್ರಿ ಅಂತ ಆಯಿ ಹೇಳ್ತಿದ್ಳು."

"ನಾ ಎಲ್ಲಿ ಊರು ಬಿಟ್ಟೀನವ್ವ? ಕ್ಯಾಂಪಿಗಿ ಹೀರಕ್ಕ, ನಮ್ಮ ಸ್ವಾದರತ್ತಿ ಇಬ್ಬರೇ ಹೋಗಿದ್ದು. ಎಲ್ಲಾರೂ ಹೋದ್ರ ದನಾ ಯಾರ್ ನೋಡಬೇಕು?"

"ಮತ್ತ ಆಯಿ ಯಾಕ ಹಂಗ..."

"ಅಪ್ಪ ಆಕಿಗಿ ಹಂಗಂತ ಹೇಳಿದ್ದ. ನಾವೂ ಬೀಗರ ಊರಿಗಿ ಹೋಗಿದ್ವಿ, ಈಗ ಬಂದೀವಿ ಅಂತ. ಹೀರಕ್ಕನ ಮುಂದ ಜೋಕುಮಾರನ ಸುದ್ದಿ ತಗೀಬ್ಯಾಡ, ಆಕಿ ಅಂಜತಾಳ ಅಂತ ನನಗೂ ಹೇಳಿದ್ದ." ಭಾಗಣ್ಣ ಒಂದು ಗಳಿಗೆ ಅವಳ ಮುಖ ನೋಡಿದ. ನಗು ಎಲ್ಲಿ ಹೋಯಿತೋ. ಮಂಚದ ಅಂಚನ್ನು ಹಿಡಿದಿದ್ದ ಅವನ ಕೈಯ ನರಗಳು ಎದ್ದು ಕಂಡವು. "ಅದು ಜೋಕುಮಾರಂದೇ ದನಿ, ತಂಗಿ," ಎಂದ. ಮತ್ತೆ ಅಂದ, "ಜೋಕುಮಾರಂದೇ."

ವಾಡಿಯಲ್ಲಿ ಗಾಡಿ ಬದಲಿಸಲು ಕಾಯುವಾಗ ಅಂಬಿಕಾ ಫೋನು ತೆಗೆದು ಆ ವರ್ಷದ ಸೆಪ್ಟೆಂಬರಿನ ಹುಣ್ಣಿಮೆ ಯಾವಾಗಿತ್ತೆಂದು ನೋಡಿದಳು. ಹದಿನೆಂಟು. ಹೈದರಾಬಾದ್ ಶರಣಾದ ಮರುದಿನ. ಮುದುಕನಿಗೆ ಮರೆವು, ಯಾವುದೋ ವರ್ಷದ್ದನ್ನು ಯಾವುದಕ್ಕೋ ಹಚ್ಚಿದ್ದಾನೆ ಎಂದುಕೊಳ್ಳಲು ಇದ್ದ ಒಂದು ದಾರಿಯೂ ಮುಚ್ಚಿತು.

ಬೆಂಚಿನ ಮೇಲೆ ಕುಳಿತಳು. ಎದುರಿನ ಹಳಿಯಲ್ಲಿ ಸಿಮೆಂಟಿನ ವ್ಯಾಗನ್ನುಗಳು ಮುಗಿಯದೆ ಸಾಗುತ್ತಿದ್ದವು. ಅವಳು ಬದಲಿಸಿದ್ದು ಒಂದೇ ಸಂಗತಿ, ತಮ್ಮಣ್ಣ ಊರಲ್ಲಿದ್ದಿದ್ದರೆ ಎಂಬುದು. ಆದರೆ ತಮ್ಮಣ್ಣ ಊರಲ್ಲೇ ಇದ್ದ. ಅವಳು ಕಟ್ಟಿದ್ದ ಆ 'ಇದ್ದಿದ್ದರೆ' ಆಗಲೇ ಒಮ್ಮೆ ನಡೆದುಹೋಗಿತ್ತು, ಅದರ ಕೊನೆಯೂ ಗೊತ್ತಾಗಿತ್ತು. ಆಯಿಯ ಮೇಲೆ ಸಿಟ್ಟು ಬರಲಿಲ್ಲ. ಆಯಿ ನಂಬಿ ಹೇಳಿದವಳು. ತಮ್ಮಣ್ಣನ ಮೇಲೆ ಬರಬೇಕಿತ್ತು. ಆದರೆ ಹೊರಗೆ ಬಡಿಗೆ ಹಿಡಿದ ಜನ, ಒಳಗೆ ಮಡಿಲಲ್ಲಿ ಎಂಟು ವರ್ಷದ ಕೂಸು, ಅಗಳಿಯ ಮೇಲೆ ಒಂದು ಕೈ. ಆ ಕೈಗೆ 'ಅಗಳಿ ತೆಗಿ' ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. 'ತೆಗೀಬೇಡ' ಎಂದೂ ಬರಲಿಲ್ಲ.

ಫೋನು ರಿಂಗಾಯಿತು. ಜಬೀನಾ.

"ಏನ್ ಸಿಕ್ತು? ಹೇಳು, ಹೇಳು."

"ನಿಮ್ಮ ದಾದಿ ಬಾಯಾಗ ಸೆರಗು ತುರುಕಿಕೊಂಡು ನಕ್ಕಿದ್ಲಂತ. ಆಯಿ ಬುರಖಾ ತುಳದು ಬಿದ್ದಾಗ."

ಜಬೀನಾ ಹೋ ಎಂದು ನಕ್ಕಳು. "ಮತ್ತ? ಅವತ್ತಿಂದು?"

ಏನೂ ಸಿಗಲಿಲ್ಲ ಎನ್ನಬಹುದಿತ್ತು. ಅಂಬಿಕಾಳ ಬಾಯಿಂದ ಇನ್ನೊಂದೇ ಹೊರಟಿತು. "ಅವತ್ತ ಜೋಕುಮಾರನ ಹುಣ್ಣಿವಿ ಇತ್ತಂತ."

ಅಂಗನವಾಡಿಯ ಮಕ್ಕಳ ಗದ್ದಲದಿಂದ ಜಬೀನಾ ಈಚೆ ಬಂದಳು.

"ಅದಕ್ಕ ಮೂರು ದಿನ," ಎಂದಳು ಜಬೀನಾ ಮೆಲ್ಲಗೆ. "ಅಗಸರು ಹೊಳಿಗಿ ಹೋಗಂಗಿಲ್ಲಲ್ಲ. ಯಾ ಅಲ್ಲಾ. ಅಂಬಿ, ಹಂಗಿದ್ರ ದಾದಾ ಕೂಗಿದ್ರೂ ಕೇಳಿದವರು ಜೋಕುಮಾರ ಅಳಾಕತ್ತಾನ ಅಂತ ತಿಳಕೊಂಡಿರ್ಬೇಕಲ್ಲ?"

"ಇರಬಹುದು."

"ಹಂಗಂದ್ರ ಊರವರು ಬೇಕಂತ ಬಿಟ್ಟಿಲ್ಲ. ಅವರಿಗಿ ತಿಳೀಲಿಲ್ಲ." ಅವಳ ದನಿ ಒಡೆಯಿತು. "ದಾದಿಗಿ ಇದು ಗೊತ್ತಿದ್ರ ಎಷ್ಟು ಹಗುರಾಗ್ತಿದ್ಲೇನೋ. ಸಾಯೂತನಕ ಅಂತಿದ್ಲು, ಇಡೀ ಊರಾಗ ಒಂದು ಕಿವೀನೂ ಇದ್ದಿಲ್ಲೇನು ಅಂತ." ಮೂಗು ಸೀಟಿಕೊಂಡಳು. ಆಮೇಲೆ ಒಮ್ಮೆಲೆ ಉತ್ಸಾಹದಿಂದ, "ಏ, ನಾಟಕಕ್ಕ ಇದೇ ಬೇಕು ನೋಡು! ಇಡೀ ಊರಿಗಿ ಜೋಕುಮಾರ ಅತ್ತಂಗ ಕೇಳಸ್ತದ. ತಮ್ಮಣ್ಣಗ ಒಬ್ಬಗೇ ಸರ್ದಾರ ಕೇಳಸ್ತಾನ. ದೋಸ್ತನ ದನಿ ತಿಳೀದೇನು? ಎದ್ದು ಬಾಗಿಲಾ ತಗೀತಾನ. ಹೆಂಗದ?"

ವ್ಯಾಗನ್ನುಗಳು ಇನ್ನೂ ಹೋಗುತ್ತಲೇ ಇದ್ದವು.

"ಛಲೋ ಅದ," ಎಂದಳು ಅಂಬಿಕಾ.

ಆ ರಾತ್ರಿ ಜಬೀನಾ ಹೇಳಿದ ಹಾಗೆಯೇ ಅಂಬಿಕಾ ಬರೆದಳು. ಬ್ಲೌಸಿನ ತೋಳು ಹಚ್ಚುವುದನ್ನು ಬದಿಗಿಟ್ಟು ಬರೆದಳು. ವಿಚಿತ್ರವೆಂದರೆ ಅದು ಸರಾಗವಾಗಿ ಬಂತು. ಇಷ್ಟು ದಿನ ಭಾಷಣ ಮಾಡುತ್ತಿದ್ದ ತಮ್ಮಣ್ಣ ಈಗ ಬಹಳ ಕಡಿಮೆ ಮಾತಾಡಿದ. ಅಗಳಿಯ ಮೇಲೆ ಕೈಯಿಟ್ಟು ನಿಂತ. ಮಡಿಲಲ್ಲಿ ಮಗು ಬಂತು. ಹೆಂಡತಿಯ ಉಸಿರು ಬಂತು. ನಡೆದದ್ದೆಲ್ಲ ನಡೆದ ಹಾಗೇ ಬಂದು ಕುಳಿತಿತು. ಒಂದೇ ಒಂದು ಸಂಗತಿ ಬೇರೆ: ಬಾಗಿಲು ತೆರೆಯಿತು. ನಿರ್ಮಾಪಕಿಯ ಷರತ್ತಿಗೆ ಈಗ ನಾಟಕ ತಪ್ಪಿಲ್ಲದೆ ಹೊಂದಿತ್ತು. ಹಾಗೆ ಹೊಂದಿದ್ದು ಕಂಡು ಅವಳು ಪೆನ್ನು ಕೆಳಗಿಟ್ಟಳು.

ಬುಧವಾರ ಮಧ್ಯಾಹ್ನ ಜಬೀನಾ ಬಂದಳು. ಇಬ್ಬರೂ ನೆಲದ ಮೇಲೆ ಎದುರುಬದುರು ಕುಳಿತರು. ತಮ್ಮಣ್ಣನ ಪಾತ್ರಕ್ಕೆ ಕಲಬುರಗಿಯಲ್ಲಿ ಬೇರೆ ನಟ ಇದ್ದ. ಅಭ್ಯಾಸಕ್ಕೆ ಅಂಬಿಕಾಳೇ ಆ ಮಾತು ಓದಬೇಕು.

ಜಬೀನಾ ಕಣ್ಣು ಮುಚ್ಚಿ ಅಮೀರ್ಬೀಯಾದಳು. ಮೂರು ಮನೆಯಾಚೆ ನಿಂತು ಗಂಡನನ್ನು ಕೂಗುವ ಹೆಂಗಸು. ದನಿ ಮೊದಲು ಅಂಜಿಕೊಂಡು ಬಂತು, ಆಮೇಲೆ ನಾಚಿಕೆ ಬಿಟ್ಟು ಬಂತು. ಅಂಬಿಕಾಳ ಸರದಿ. ಹಾಳೆಯಲ್ಲಿ ಬರೆದಿತ್ತು: 'ಸರ್ದಾರ, ನಾ ತಮ್ಮಣ್ಣ. ಅಗಳಿ ತಗದೀನಿ. ಒಳಗ ಬಾ.'

"ಸರ್ದಾರ," ಎಂದಳು. ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು, ಓದಲಿಲ್ಲ.

ಜಬೀನಾ ಕಣ್ಣು ತೆರೆಯದೆ ಕಾದಳು. ಫ್ಯಾನು ಕಿರಗುಟ್ಟಿತು. ಎದುರಿನ ಮನೆಯಲ್ಲಿ ಯಾರೋ ಕುಕ್ಕರಿನ ಸೀಟಿ ಎಣಿಸುತ್ತಿದ್ದರು.

"ಆಹಾ," ಎಂದಳು ಕೊನೆಗೆ, ಕಣ್ಣರಳಿಸಿ. "ಅಲ್ಲೇ ನಿಂತೆಲ್ಲ, ಹಂಗೇ ನಿಲ್ಲಬೇಕು ನೋಡು! ಆ ನಟಗ ಹೇಳು, ಅಷ್ಟು ಹೊತ್ತು ಸುಮ್ಮಿರು ಅಂತ. ನನ್ನ ಜೀವಾನೇ ಬಾಯಿಗಿ ಬಂತು. ತಗೀತಾನೋ ಇಲ್ಲೋ ಅಂತ."

ಅಂಬಿಕಾ ಹಾಳೆಗಳನ್ನು ನೇರ ಮಾಡಿದಳು. ಅವು ನೇರವಾಗಿಯೇ ಇದ್ದವು.

"ಅಂಬಿ," ಜಬೀನಾ ತಲೆಗೂದಲು ಗಂಟು ಹಾಕಿಕೊಳ್ಳುತ್ತ ಕೇಳಿದಳು, "ಮುತ್ಯಾಗ ಹುಣ್ಣಿವಿ ಇತ್ತಂತ ಹೆಂಗ ಗೊತ್ತು? ಅವರು ಊರಾಗ ಇದ್ದಿಲ್ಲಲ್ಲ."

ಅನುಮಾನದ ದನಿಯಲ್ಲ ಅದು. ಪಾತ್ರದ ಬಗ್ಗೆ ಕೇಳುವ ಹಾಗೆಯೇ ಕೇಳಿದ್ದಳು. ತಲೆಯ ಪಿನ್ನು ಹಲ್ಲಿನ ನಡುವೆ ಇತ್ತು. ಅಂಬಿಕಾ ಆ ಪಿನ್ನನ್ನೇ ನೋಡಿದಳು.

"ತಿರುಗಿ ಬಂದ ಮ್ಯಾಲ ಊರವರು ಹೇಳಿರ್ಬೇಕು."

"ಹಾಂ, ಹೌದು," ಎಂದಳು ಜಬೀನಾ. ಪಿನ್ನು ಚುಚ್ಚಿಕೊಂಡು ಎದ್ದಳು. "ಹಾಲ ಒಲಿ ಮ್ಯಾಲ ಬಿಟ್ಟು ಬಂದೀನಿ. ಉಕ್ಕಿದ್ರ ನಮ್ಮಾಂವ ನನ್ನನ್ನೇ ಜೋಕುಮಾರ ಮಾಡ್ತಾನ."

ಅವಳ ಚಪ್ಪಲಿಯ ಸದ್ದು ಓಣಿಯಲ್ಲಿ ದೂರವಾಯಿತು. ಅಂಬಿಕಾ ಕುಳಿತಲ್ಲೇ ಕುಳಿತಳು. ನಿನ್ನೆಯಿಂದ ಅವಳು ಸುಮ್ಮನಿದ್ದಳಷ್ಟೆ. ಸುಮ್ಮನಿರುವುದಕ್ಕೆ ನೂರು ಕಾರಣ ಹೇಳಿಕೊಳ್ಳಬಹುದಿತ್ತು. ಈಗ ಬಾಯಿಬಿಟ್ಟು ಹೇಳಿದ್ದಳು. ಎಷ್ಟು ಸಲೀಸಾಗಿ ಬಂತು ಆ ಮಾತು, ಎಷ್ಟು ಕಕ್ಕುಲತೆಯಿಂದ. ಎದುರಿಗಿದ್ದವಳಿಗೆ ನೋವಾಗಬಾರದು, ಅವಳು ನಿದ್ದೆ ಮಾಡಲಿ ಎಂದು. ತಮ್ಮಣ್ಣನ ದನಿ ಸಿಗಲಿಲ್ಲ ಎಂದು ಅವಳು ಇಷ್ಟು ದಿನ ಒದ್ದಾಡಿದ್ದಳು. ಈಗ ಸಿಕ್ಕಿತ್ತು.

ನಾಟಕ ಶುಕ್ರವಾರ ಧ್ವನಿಮುದ್ರಣವಾಗುತ್ತದೆ. ಹದಿನೇಳಕ್ಕೆ ಕೇಳಿಬರುತ್ತದೆ. ಅಮೀರ್ಬೀಯ ಮೊಮ್ಮಗಳ ದನಿಯಲ್ಲೇ ಬಾಗಿಲು ತೆರೆಯುತ್ತದೆ. ಕೇಳಿದವರು ಒಳ್ಳೆಯದಾಯಿತು ಎನ್ನುತ್ತಾರೆ. ಇನ್ನು ಮುಂದೆ ಎರಡೂ ಮನೆಗಳಲ್ಲಿ ಅದೇ ಉಳಿಯುತ್ತದೆ. ಆಯಿಯ ಮಾತು ಬರೀ ಮಾತಾಗಿತ್ತು, ಇದು ದಾದಿಯ ಕೊರಳು ಪಡೆದು ನಿಲ್ಲುತ್ತದೆ. ಮುಂದೊಂದು ದಿನ ಟೀವಿಯಲ್ಲಿ ಗಲಾಟೆಯ ಸುದ್ದಿ ಬಂದಾಗ ಜಬೀನಾ ಮೆಂತ್ಯದ ಸಿವುಡು ಹಿಡಿದು ಇದೇ ಬಾಗಿಲಿಗೆ ಬರುತ್ತಾಳೆ. ಅವಳು ನಂಬಿ ಬರುವ ಮಾತು ಸುಳ್ಳೆಂಬುದು ಅಂಬಿಕಾಳಿಗೆ ಗೊತ್ತಿರುತ್ತದೆ, ಅವಳಿಗೆ ಗೊತ್ತಿರುವುದಿಲ್ಲ.

ಸಂಜೆ ಗಂಡ ಚೌಡೇಶ ವಾಡಿಯ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಕುಳಿತ. ಅವಳು ಹಿಟ್ಟು ನಾದುತ್ತಿದ್ದಳು.

"ನಾಟಕ ಪೂರಾ ಆತೇನು?"

"ಆಗ್ತದ."

"ಶುಕ್ರವಾರ ನನಗ ಡಬ್ಬಿ ಕಟ್ಟಬ್ಯಾಡ. ಕ್ಯಾಂಟೀನ್ಯಾಗ ತಿಂತೀನಿ. ನೀವಿಬ್ಬರೂ ಲಗೂನ ಹೋಗ್ರಿ, ಗಾಡಿ ತಪ್ಪೀತು."

"ಹೂಂ."

"ಯಾಕ, ಮಾರಿ ಹಿಂಗ್ಯಾಕ ಮಾಡೀದಿ?"

"ಏನಿಲ್ಲ. ಹಿಟ್ಟು ಜರಾ ಸಡಲ ಆಗ್ಯದ," ಎಂದು ಒಂದು ಹಿಡಿ ಜೋಳದ ಹಿಟ್ಟು ಉದುರಿಸಿದಳು.

ನಾಳೆ ಹೇಳಬೇಕು. ಅಂಗನವಾಡಿ ಬಿಟ್ಟ ಮೇಲೆ, ಅವಳ ಮನೆಗೇ ಹೋಗಿ. ಶುಕ್ರವಾರದ ಗಾಡಿಯಲ್ಲಲ್ಲ, ಅಲ್ಲಿ ಅವಳಿಗೆ ಎದ್ದು ಹೋಗಲು ಜಾಗವಿರುವುದಿಲ್ಲ. ಆಮೇಲೆ ನಾಟಕ ಆಗಬೇಕೋ ಬೇಡವೋ ಜಬೀನಾಳೇ ಹೇಳಲಿ. ಅವಳು ಬಾರದಿದ್ದರೆ ನಿರ್ಮಾಪಕಿಗೆ ಫೋನು ಮಾಡಿದರಾಯಿತು. ಇಷ್ಟರ ಮಟ್ಟಿಗೆ ಅಂಬಿಕಾಳ ಮನಸ್ಸು ಆಗಲೇ ಬಂದಿತ್ತು.

ಉಳಿದದ್ದು ಎಷ್ಟು ಹೇಳಬೇಕೆಂಬುದು. ಊರಲ್ಲಿದ್ದರು, ಕೇಳಿಸಿತು, ಎಲ್ಲರ ಹಾಗೆ ಅವರೂ ಜೋಕುಮಾರ ಎಂದುಕೊಂಡರು ಎಂದು ಅಲ್ಲಿಗೇ ನಿಲ್ಲಿಸಬಹುದು. ಅದರಲ್ಲಿ ಸುಳ್ಳು ಎನ್ನುವಂಥದ್ದು ಏನೂ ಕಾಣುವುದಿಲ್ಲ. ಜಬೀನಾ ಅಳುತ್ತಾಳೆ, ಆದರೆ ಅರಗಿಸಿಕೊಳ್ಳುತ್ತಾಳೆ. ಯಾರದೂ ತಪ್ಪಲ್ಲ ಎಂದು ಅವಳೇ ಸಮಾಧಾನ ಹೇಳಿದರೂ ಹೇಳಿದಳೇ.

ಅಂಬಿಕಾ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಅದುಮಿದಳು. ಸರ್ದಾರ ತಮ್ಮಣ್ಣನ ಹೆಸರು ಹಿಡಿದು ಕರೆದಿದ್ದ, ಅದನ್ನೂ ಹೇಳಬೇಕು ಎಂದುಕೊಂಡಳು. ಎರಡು ಸಲ ಕರೆದ ಎಂಬುದನ್ನೂ.

"ಕುಂದ್ರಿ, ಬಿಸಿ ರೊಟ್ಟಿ ಹಾಕ್ತೀನಿ," ಎಂದು ಗಂಡನಿಗೆ ತಾಟು ಇಟ್ಟಳು.